ಖುಷ್ಕಿ

ನವೆಂಬರ್ ಬಂತೆಂದರೆ ಮಳವಳ್ಳಿಯ ಉಪಖಜಾನೆಯಲ್ಲಿ
ನನಗೆ ಒಂದೇ ಕೆಲಸ:
ಬದುಕಿರುವವರನ್ನು ಬದುಕಿದ್ದಾರೆಂದು ಬರೆದುಕೊಳ್ಳುವುದು.

ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಸಾಲು.
ಉಲ್ಲನ್ ಟೋಪಿ, ಔಷಧಿ ಅಂಗಡಿಯ ಚೀಲ,
ಚೀಲದೊಳಗೆ ಪಿಂಚಣಿ ಪುಸ್ತಕ,
ಬೆವರು ಕುಡಿದು ಹಳೆಯ ನೋಟಿನ ಹಾಗೆ ಮೆತ್ತಗೆ.

ದಾದಿ ತಾಯಮ್ಮಣ್ಣಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪುತ್ತಿಲ್ಲ.
ಮೂವತ್ತು ವರ್ಷದ ಡೆಟಾಲು, ಬಿಸಿನೀರು,
ಊರಿನ ಮುಕ್ಕಾಲು ಕೂಸುಗಳ ಮೊದಲ ಜಿಗುಟು
ಗೆರೆಗಳನ್ನೆಲ್ಲ ತೊಳೆದುಬಿಟ್ಟಿದೆ.
ಮೂರನೇ ಸಲವೂ ಕೆಂಪು ದೀಪ.
ನನ್ನನ್ನು ಈಚೆಗೆ ಎಳೆದದ್ದೂ ಅದೇ ಕೈ.
ಸಹಿ ಹಾಕಿದೆ: ಖುದ್ದಾಗಿ ನೋಡಿದ್ದೇನೆ, ಜೀವಂತ.

ಆಮೇಲೆ ನಾಲೆಯ ಸೌಡಿ ಬೋರಲಿಂಗಯ್ಯ.
ಹುಲಿಕೆರೆ ಸುರಂಗದಿಂದ ಈಚೆಗೆ ಯಾವ ತೂಬಿಗೆ ಎಷ್ಟು ಸುತ್ತೆಂದು
ಅವರ ಮಣಿಕಟ್ಟಿಗೆ ಇವತ್ತಿಗೂ ಬಾಯಿಪಾಠ.
ಕುರ್ಚಿ ಬೇಡವೆಂದರು, ಮೇಜಿಗೆ ಒರಗಿ ಕೇಳಿದರು:
"ಕಟ್ಟೆ ಇವತ್ತು ಎಷ್ಟಡಿ ಮಗ?"

ಪೇಪರಿನಲ್ಲಿ ನಾನು ಎರಡು ಅಂಕಿ ನೋಡುವವಳು.
ಮೊದಲ ಪುಟದ ಮೂಲೆಯಲ್ಲಿ ಕನ್ನಂಬಾಡಿಯ ನೀರು,
ಒಳಪುಟದ ಮೂಲೆಯಲ್ಲಿ ಬೊಂಬಾಯಿಯ ಷೇರು.
ಒಂದು ಅಪ್ಪನಿಂದ ಬಂದ ಚಾಳಿ,
ಇನ್ನೊಂದು ನೌಕರಿಯಿಂದ.

"ನೂರ ಹದಿನೆಂಟು," ಅಂದೆ.
"ನಿಂಗೆಷ್ಟು ಬತ್ತದೆ, ಸರ್ವೀಸು ಮುಗುದ್ಮೇಲೆ?"

ಹೇಗೆ ಹೇಳಲಿ.
ಸರ್ಕಾರ ಗೆರೆ ಎಳೆದದ್ದು ಒಂದು ಏಪ್ರಿಲ್‌ನಲ್ಲಿ,
ನಾನು ಸೇರಿದ್ದು ಅದರಾಚೆಯ ಮೂರನೇ ಜುಲೈನಲ್ಲಿ.
ಪಕ್ಕದ ಮೇಜಿನ ಚೌಡಪ್ಪನವರು ಗೆರೆಯ ಈಚೆಯವರು.
ಒಂದೇ ಫ್ಯಾನಿನ ಗಾಳಿ, ಒಂದೇ ಫ್ಲಾಸ್ಕಿನ ಟೀ.
ನನ್ನದು ಹನ್ನೆರಡು ಅಂಕಿಯ ಒಂದು ಸಂಖ್ಯೆ;
ಸಂಬಳದಲ್ಲಿ ನೂರಕ್ಕೆ ಹತ್ತು, ಸರ್ಕಾರದ್ದು ಇನ್ನಷ್ಟು,
ಎಲ್ಲ ಸೇರಿ ನಾನು ಕಾಣದ ಊರಿನಲ್ಲಿ ಬಿತ್ತನೆ.
ಹೋದ ವರ್ಷ ಕಪ್ಪುಪಟ್ಟಿ ಕಟ್ಟಿ
ತಾಲ್ಲೂಕು ಕಚೇರಿಯ ಮುಂದೆ ಕೂಗಿದ್ದೆವು, ಹಳೆಯದೇ ಕೊಡಿ ಎಂದು.
ಹಳೆಯದನ್ನು ಕೇಳಲು ನಿಂತವರ ಬಾಯಲ್ಲಿ
ಭವಿಷ್ಯ ಎಂಬ ಮಾತು ಎಷ್ಟು ಸಲ ಬಂತು!

ಮೊಬೈಲು ತೋರಿಸಿದೆ. ಹಸಿರು ಬಾಣ, ಕೆಂಪು ಬಾಣ.
ಕನ್ನಡಕ ಏರಿಸಿ ನೋಡಿದರು.
"ಇವತ್ತು ಇಷ್ಟು. ನಾಳೀಕೆ?"
"ಹೇಳಕಾಗಲ್ಲ."
"ಅರವತ್ತು ತುಂಬುದ್ ದಿವ್ಸ?"
"ಅದೂ."
"ಹಂಗಾರೆ ಅದು ನಾಲೆ ಅಲ್ಲ ಕಣವ್ವ,
ಮಳೆ.
ನಂದು ತರಿ. ನಿಂದು ಖುಷ್ಕಿ."

ಸಾಲಿನಲ್ಲಿ ಯಾರೋ ನಕ್ಕರು. ಅವರು ನಗಲಿಲ್ಲ.
ಚುಕ್ಕೆಸಾಲಿನ ಮೇಲೆ ಹೆಸರನ್ನು ನಿಧಾನಕ್ಕೆ ಉತ್ತು ಮುಗಿಸಿ
ದನಿ ತಗ್ಗಿಸಿದರು:
"ನಾಲೆ ಅಂತ ಮೆರೀಬಾರ್ದು.
ಮೂವತ್ನಾಕು ವರ್ಷ ತೂಬು ಎತ್ತಿದೀನಿ.
ಮೇಲಿನೋರು ರಾತ್ರೋರಾತ್ರಿ ಮೂಟೆ ಅಡ್ಡ ಕೊಟ್ಟು ತಿರುಗಿಸ್ಕತಿದ್ರು.
ನಾನೂ ಒಂದೊಂದ್ಸಲ ಮಗ್ಗುಲು ತಿರುಗಿ ಮಲೀಕತಿದ್ದೆ.
ಕೊನೆ ಊರ್ಗೆ ನೀರು ಮುಟ್ಟಿದ್ದ
ಬೆರಳಲ್ಲೇ ಎಣಿಸ್ಬೋದು."

ಕೊನೆಯ ಊರು ನಮ್ಮದು.
ಅವರಿಗೆ ಗೊತ್ತಿತ್ತೋ ಇಲ್ಲವೋ.
ಸಹಿ ಹಾಕಿದೆ: ಜೀವಂತ.

ಸಂಜೆ ಐದೂವರೆ. ಕಸ ಗುಡಿಸುವ ಕೆಂಪಾಜಮ್ಮ ಹೊರಗುತ್ತಿಗೆ;
ಇಷ್ಟು ಪುಸ್ತಕಗಳಿರುವ ಖಜಾನೆಯಲ್ಲಿ ಅವಳದೊಂದು ಪುಟ ಇಲ್ಲ.
ಉದುರಿದ ಗುಂಡುಸೂಜಿಗಳನ್ನು ಆಯ್ದು ನನ್ನ ಡಬ್ಬಿಗೆ ಹಾಕುತ್ತ
"ತರಿ, ಖುಷ್ಕಿ ಅಂತಿತ್ತಲ್ಲ ಆವಯ್ಯ," ಅಂದಳು,
"ನಂದು ಯಾವ್ದುಕ್ಕೆ ಬತ್ತದೆ ಮೇಡಮ್ಮ?"

ಪಹಣಿಯಲ್ಲಿ ಅದಕ್ಕೂ ಒಂದು ಕಾಲಂ ಇದೆ.
ಖರಾಬು.
ಬಾಯಿಗೆ ಬಂದದ್ದನ್ನು ನುಂಗಿ
ಪೆನ್ನಿನ ಮುಚ್ಚಳ ಹುಡುಕಿದೆ.

ಅವಳು ಉತ್ತರಕ್ಕೆ ಕಾಯಲಿಲ್ಲ.
ಪೊರಕೆ ಮೇಜಿನ ಕೆಳಗೆ ಬಂದಿತ್ತು.
"ವಸಿ ಕಾಲೆತ್ತಿ," ಅಂದಳು.
ಎತ್ತಿದೆ.